ಮುಚ್ಚಳದಲ್ಲಿ ಉಳಿದ ಕ್ಲಿಪ್ಪು

ನಮ್ಮ ಭಾವನನ್ನು ಊರೆಲ್ಲ ಮೂಗು ಮೇಸ್ತ್ರಿ ಎಂದೇ ಕರೆಯುತ್ತದೆ. ಅಕ್ಕನ ಗಂಡ, ಬೈಕ್ ರಿಪೇರಿಗೆ ಕೂತು ಮೂವತ್ತು ವರ್ಷವಾಯಿತು. ಪೆಟ್ರೋಲ್ ಪೈಪು ಸೋರುತ್ತಿದೆಯೋ ಇಲ್ಲವೋ ಎಂಬುದನ್ನು ಬೇರೆಯವರು ಬಟ್ಟೆಯಲ್ಲಿ ಒರೆಸಿ, ಬಗ್ಗಿ ನೋಡಿ ಹೇಳುತ್ತಾರೆ. ಇವರು ಟ್ಯಾಂಕಿನ ಕೆಳಗೆ ಮೂಗು ಒಯ್ದು, ಕಣ್ಣು ಮುಚ್ಚಿ, ಒಮ್ಮೆ ಉಸಿರೆಳೆದರೆ ತೀರ್ಪು ಬಂದಂತೆ. ಪಕ್ಕದಲ್ಲೇ ಹೊಲಿಗೆ ಅಂಗಡಿ ಇಟ್ಟಿರುವ ನನಗೆ ಆ ಮೂಗಿನ ಹೊಗಳಿಕೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ.

ಅವರದು ಇನ್ನೊಂದು ಕಟ್ಟಳೆಯಿದೆ. ಹಳೇ ಪೈಪು ಬಿಚ್ಚುವ ಮೊದಲು ಎರಡು ಹೊಸ ಕ್ಲಿಪ್ಪು ತೆಗೆದು ಡಬ್ಬಿಯ ಮುಚ್ಚಳದಲ್ಲಿ ಇಡುತ್ತಾರೆ, ಹೊಸ ಪೈಪಿನ ತುದಿಗೊಂದರಂತೆ. ಮುಚ್ಚಳ ಖಾಲಿಯಾಗದೆ ಗಾಡಿ ಅಂಗಡಿ ಬಿಡುವಂತಿಲ್ಲ.

ಆ ಮಧ್ಯಾಹ್ನ ಮುಚ್ಚಳ ಹಿಡಿದುಕೊಂಡೇ ನನ್ನ ಅಂಗಡಿಗೆ ನುಗ್ಗಿದರು. ಒಳಗೆ ಒಂದು ಕ್ಲಿಪ್ಪು. ಭಾವನ ಮುಖ ಬಿಳಿಚಿಕೊಂಡಿತ್ತು.

"ಮಗಳ ಗಾಡಿದು ಕಣೋ. ಯಾರೋ ಕರೆದ್ರು ಅಂತ ಅರ್ಧಕ್ಕೆ ಎದ್ದೆ, ಮರೆತೇಬಿಟ್ಟೆ. ಈಗಷ್ಟೇ ಹೋದ್ಲು, ಮಗೂನ ಹಿಂದೆ ಕೂರಿಸ್ಕೊಂಡು."

ಕ್ಲಿಪ್ಪಿಲ್ಲದ ತುದಿ ಅದುರಿ ಅದುರಿ ಸಡಿಲವಾದರೆ ಪೆಟ್ರೋಲು ನೇರ ಕಾದ ಎಂಜಿನ್ ಮೇಲೆ ಬೀಳುತ್ತದೆ.

"ಮೂಗಿಟ್ಟು ನೋಡ್ಲಿಲ್ವಾ ಭಾವ?"

ಭಾವ ಜೇಬಿನಲ್ಲಿದ್ದ ಚಿಂದಿಯನ್ನು ತೆಗೆದು ನನ್ನ ಮುಖಕ್ಕೆ ಹಿಡಿದರು. "ಇದ್ರಲ್ಲಿ ವಾಸನೆ ಇದ್ಯಾ?"

ಪೆಟ್ರೋಲಿನ ಘಾಟಿಗೆ ನನ್ನ ಕಣ್ಣಲ್ಲಿ ನೀರು ಬಂತು.

"ನಂಗೆ ಬರ್ತಿಲ್ಲ. ಜ್ವರ ಬಂದು ಹೋದಾಗಿಂದ ಏನೂ ಬರ್ತಿಲ್ಲ. ಮೂರು ವಾರ ಆಯ್ತು."

ಮೂರು ವಾರ! ಅಷ್ಟೂ ದಿನ ಕಣ್ಣು ಮುಚ್ಚಿ, ಉಸಿರೆಳೆದು, ತಲೆಯಾಡಿಸಿ ಗಾಡಿ ಕಳಿಸಿದ್ದ ಮಹಾನುಭಾವ. ಸಿಟ್ಟು ನೆತ್ತಿಗೇರಿತು, ಆದರೆ ಬೈಯಲು ಹೊತ್ತಿರಲಿಲ್ಲ.

ಅವರು ಬೈಕ್ ಓಡಿಸಿದರು, ನಾನು ಹಿಂದೆ ಕೂತು ಫೋನು ಒತ್ತಿದೆ. ರಿಂಗಾಗಿ ರಿಂಗಾಗಿ ನಿಂತುಹೋಯಿತು. ಗಾಡಿ ಓಡಿಸುವಾಗ ಫೋನ್ ಎತ್ತಬೇಡ ಎಂದು ಅವಳಿಗೆ ಕಲಿಸಿದವರೂ ಇವರೇ.

"ವಾಸನೆ ಬಂತಾ?" ತಿರುವು ತಿರುವಿಗೂ ಅದೇ ಪ್ರಶ್ನೆ.

"ಇಲ್ಲ, ಮುಂದೆ ನೋಡ್ಕೊಂಡು ಓಡ್ಸಿ!"

ಸೇತುವೆಯಾಚೆ ಹೊಗೆ ಕಂಡಿತು. ಭಾವ "ಅಯ್ಯೋ" ಎಂದು ಕೂಗಿದರು. ಹತ್ತಿರ ಹೋದರೆ ಯಾರೋ ಕಸಕ್ಕೆ ಬೆಂಕಿ ಹಚ್ಚಿದ್ದರು. ಹೋದ ಜೀವ ಬಂದಂತಾಯಿತು.

ಸ್ವಲ್ಪ ಮುಂದೆ ಮಗಳ ಬೈಕು ರಸ್ತೆಯ ಅಂಚಿಗೆ ನಿಂತಿತ್ತು. ಅದರಿಂದ ದೂರ, ಮೋಟುಗೋಡೆಯ ಮೇಲೆ ಮೊಮ್ಮಗಳು ಒಂದು ಕಾಲಿಗೆ ಶೂ ಇಲ್ಲದೆ ಕೂತಿದ್ದಳು. ಮಗಳ ಕೈಯಲ್ಲಿ ಒದ್ದೆ ಕಾಲುಚೀಲ.

"ಸೇತುವೆ ಹತ್ರಾನೇ ಘಾಟು ಬಂತಪ್ಪಾ," ಎಂದಳು. "ಆದ್ರೆ ನೀನು ನೋಡಿದ್ಯಲ್ಲ, ನಂದೇ ಭ್ರಮೆ ಅಂದ್ಕೊಂಡೆ. ಕಾಲು ತಣ್ಣಗಾಗ್ತಿದೆ ಅಂತ ಇವಳು ಕಿರುಚಿದ್ಮೇಲೇ ನಿಲ್ಲಿಸಿ ಪೆಟ್ರೋಲ್ ಬಂದ್ ಮಾಡಿದ್ದು."

ಭಾವ ಆ ಕಾಲುಚೀಲ ಈಸಿಕೊಂಡು ಮೂಗಿಗೆ ಒತ್ತಿ ಹಿಡಿದರು. ಬಹಳ ಹೊತ್ತು ಹಿಡಿದರು.

"ನಂಗೇನೂ ಬರ್ತಿಲ್ಲ ಕಣಮ್ಮ," ಎಂದರು. ಆಮೇಲೆ ಅತ್ತರು. ಅವರು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು, ನನಗೂ ಸಂಕಟವಾಯಿತು.

ಎಂಜಿನ್ ಪೂರ್ತಿ ಆರಿದ ಮೇಲೆ ಕ್ಲಿಪ್ಪು ಹಾಕಿದರು. ಪೆಟ್ರೋಲ್ ಮತ್ತೆ ಹರಿಯಬಿಟ್ಟು, ತಮ್ಮ ಬಿಳಿ ಕರವಸ್ತ್ರದಿಂದ ಪೈಪಿನ ಸುತ್ತ ಒರೆಸಿ ಬಿಸಿಲಿಗೆ ಹಿಡಿದು ನೋಡಿದರು. ಮತ್ತೆ ಒರೆಸಿದರು. ಕರವಸ್ತ್ರ ಒಣಗಿಯೇ ಇತ್ತು. ಮುಗಿಯಿತು ಎಂದುಕೊಂಡು ನಾನು ಎದ್ದೆ.

ಅವರು ಏಳಲಿಲ್ಲ. "ಬರ್ಕೋ," ಎಂದರು. "ಮೂರು ವಾರದಲ್ಲಿ ಯಾರ್ಯಾರ ಗಾಡಿಗೆ ಪೈಪ್ ಹಾಕಿದೀನಿ ಅಂತ ಹೇಳ್ತೀನಿ, ಎಲ್ಲಾನೂ ಮತ್ತೆ ನೋಡ್ಬೇಕು. ಮೊದಲ್ನೇದು ಹಾಲಿನವನ್ದು. ಆಮೇಲೆ ಆ ನರ್ಸಮ್ಮಂದು..."