ಎಲ್ಲದಕ್ಕೂ ಗೋಮತಿ

ವೈದ್ಯರಿಗೆ ಅವಳು ಟೆಕ್ನಿಷಿಯನ್, ರೋಗಿಗಳಿಗೆ ಪ್ರಶ್ನೆಯಕ್ಕ. ಡಯಾಲಿಸಿಸ್ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದಳು. ಕಿಟಕಿಯ ಕಡೆ ಮೂರು ಹಾಸಿಗೆ, ಗೋಡೆಯ ಕಡೆ ಮೂರು. ಮೂತ್ರಪಿಂಡ ಕೈಕೊಟ್ಟವರು ವಾರಕ್ಕೆ ಮೂರು ದಿನ ಬಂದು, ತೋಳಿಗೆ ಎರಡು ಸೂಜಿ ಚುಚ್ಚಿಸಿಕೊಂಡು, ನಾಲ್ಕು ಗಂಟೆ ಅಲ್ಲಾಡದೆ ಮಲಗಬೇಕು. ಒಂದು ಸೂಜಿಯಿಂದ ಹೊರಟ ರಕ್ತ ಯಂತ್ರದಲ್ಲಿ ಶುದ್ಧವಾಗಿ ಇನ್ನೊಂದರಿಂದ ಒಳಗೆ ಹೋಗುತ್ತದೆ. ಮೊದಲ ಎರಡು ಗಂಟೆ ಹೇಗೋ ಕಳೆಯುತ್ತದೆ. ಆಮೇಲೆ ಕಾಲು ಸೆಳೆಯುತ್ತದೆ, ತಲೆ ಭಾರವಾಗುತ್ತದೆ, ಗಡಿಯಾರ ನಿಂತೇಬಿಟ್ಟಂತೆ ಕಾಣುತ್ತದೆ.

ಪ್ರಶ್ನೆಗಳು ಅವಳಿಗೆ ಬಂದದ್ದು ಸೋಲಿನಿಂದ. ಈ ಕೆಲಸಕ್ಕೆ ಸೇರುವ ಮೊದಲು ಮೂರು ಸಲ ಸ್ಪರ್ಧಾತ್ಮಕ ಪರೀಕ್ಷೆ ಬರೆದಿದ್ದಳು, ಮೂರು ಸಲವೂ ಗಣಿತ ಮುಳುಗಿಸಿತ್ತು. ಸಾಮಾನ್ಯ ಜ್ಞಾನ ಮಾತ್ರ ಬೇಡವೆಂದರೂ ತಲೆಯಲ್ಲಿ ಉಳಿದುಬಿಟ್ಟಿತು. ಯಾವ ನಗರ ಯಾವ ನದಿಯ ದಂಡೆಯಲ್ಲಿದೆ, ಯಾವ ವಿಜ್ಞಾನ ಸಂಸ್ಥೆ ಯಾವ ಊರಲ್ಲಿದೆ ಎಂಬುದೆಲ್ಲ ಪಾತ್ರೆ ಉಜ್ಜುವಾಗಲೂ ನಾಲಿಗೆಯ ಮೇಲೆ ಬರುತ್ತಿತ್ತು. ಒಂದು ದಿನ ಸೆಳೆತ ತಾಳಲಾರದೆ ಹಲ್ಲು ಕಚ್ಚಿಕೊಂಡಿದ್ದ ಕಿಟಕಿ ಸಾಲಿನ ಟೈಲರಮ್ಮನ ಕಾಲು ತಿಕ್ಕುತ್ತ, ಆಕೆಯ ಗಮನ ಬೇರೆ ಕಡೆ ಹೋಗಲೆಂದು ಕೇಳಿದಳು:

"ಟೈಲರಮ್ಮ, ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಯಾವ ಊರಲ್ಲಿದೆ, ಹೇಳಿ ನೋಡೋಣ."

"ನಾನು ಬಟ್ಟೆ ಹೊಲಿಯೋಳು ತಾಯಿ, ಚರ್ಮ ಅಲ್ಲ."

"ಚೆನ್ನೈ!" ಎಂದು ಎದುರು ಸಾಲಿನಿಂದ ದನಿ ಬಂತು. "ಆ ವಿಳಾಸಕ್ಕೆ ಎಷ್ಟು ಪೆಟ್ಟಿಗೆ ಕಳಿಸಿದೀನಿ! ಒಳಗೆ ಬರೀ ಗಾಜಿನ ಬಾಟಲಿ. ಒಡೀಬಾರದು ಅಂತ ಕೆಂಪು ಚೀಟಿ ಅಂಟಿಸ್ತಿದ್ದೆ."

ಅದು ಪಾರ್ಸಲ್ ಮಾವನ ದನಿ. ಮೂವತ್ತೆರಡು ವರ್ಷ ಪಾರ್ಸಲ್ ಕಚೇರಿಯಲ್ಲಿ ಕೂತು ಊರೂರಿಗೆ ಪೆಟ್ಟಿಗೆ ಕಳಿಸಿ ನಿವೃತ್ತರಾಗಿದ್ದರು. ಅಂದಿನಿಂದ ವಾರ್ಡಿನಲ್ಲಿ ಕಿಟಕಿ ಸಾಲಿಗೂ ಗೋಡೆ ಸಾಲಿಗೂ ಪಂದ್ಯ ಶುರುವಾಯಿತು. ರೋಗಿಗಳ ತೂಕ ಬರೆಯುವ ಬಿಳಿ ಹಲಗೆಯ ಮೂಲೆಯಲ್ಲಿ ಪ್ರಶ್ನೆಯಕ್ಕ ಅಂಕ ಬರೆಯುತ್ತಿದ್ದಳು. ಟೈಲರಮ್ಮ ಛಲ ಬಿಡದೆ ಮೊಮ್ಮಗಳ ಪರೀಕ್ಷೆಯ ಗೈಡು ಓದಿಕೊಂಡು ಬರತೊಡಗಿದಳು. ಆದರೂ ಮಾವನ ಗೋಡೆ ಸಾಲು ಒಂದು ದಿನವೂ ಸೋಲಲಿಲ್ಲ. ಮಾವನಿಗೆ ಕುಚೇಷ್ಟೆ ಬೇರೆ. ಉತ್ತರ ಗೊತ್ತಿದ್ದರೂ ತಲೆ ಕೆರೆದುಕೊಂಡು, ಏನೋ ತಲೆಬುಡವಿಲ್ಲದ್ದು ಹೇಳಿ, ಎದುರು ಸಾಲು ಕುಣಿಯುವಷ್ಟರಲ್ಲಿ ಸರಿಯುತ್ತರ ಕೊಟ್ಟುಬಿಡುತ್ತಿದ್ದರು.

ಅದೊಂದು ಮಂಗಳವಾರ, ಬೆಳಗಿನ ಪಾಳಿ, ಮೂರನೆಯ ಗಂಟೆ. ಹತ್ತು ನಿಮಿಷದ ಕೆಳಗಷ್ಟೇ ಪ್ರಶ್ನೆಯಕ್ಕ ಎಲ್ಲರ ಬಿ.ಪಿ. ನೋಡಿದ್ದಳು. ಮಾವನದು ತುಸು ಹೆಚ್ಚಿತ್ತು, ಅವರಿಗೆ ಅದು ಮಾಮೂಲು.

"ಲಖನೌ ಯಾವ ನದಿ ದಂಡೆ ಮೇಲಿದೆ?"

"ಗೋಮತಿ," ಎಂದರು ಮಾವ, ಕಣ್ಣು ಮುಚ್ಚಿಕೊಂಡೇ.

ಆ ಕಡೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ಪ್ರಶ್ನೆಗೆ ಟೈಲರಮ್ಮ "ಡೆಹ್ರಾಡೂನ್" ಎಂದು ಅಂಕ ಗಿಟ್ಟಿಸಿದಳು. ಮತ್ತೆ ಮಾವನ ಸರದಿ.

"ಸೂರತ್?"

"ಗೋಮತಿ."

"ಬಿದ್ರು! ಮಾವ ಬಿದ್ರು!" ಟೈಲರಮ್ಮನ ಒಂದು ತೋಳಿನಲ್ಲಿ ಸೂಜಿಯಿತ್ತು. ಇನ್ನೊಂದು ಕೈಯಿಂದ ಮಂಚದ ಕಂಬಿ ಬಡಿದಳು. ಪ್ರಶ್ನೆಯಕ್ಕ ನಕ್ಕಳು.

"ಮಾವ, ಆಟ ಸಾಕು. ಇನ್ನೊಂದು ಅವಕಾಶ ಕೊಡ್ತೀನಿ. ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಎಲ್ಲಿದೆ?"

"ಗೋಮತಿ."

ವಾರ್ಡಿಗೆ ವಾರ್ಡೇ ಬಿದ್ದು ಬಿದ್ದು ನಕ್ಕಿತು. ಅವಳು ಹಲಗೆಯ ಕಡೆ ತಿರುಗಿ, ಗೋಡೆ ಸಾಲಿನ ಹೆಸರಿನ ಮುಂದೆ ದೊಡ್ಡದೊಂದು ಸೊನ್ನೆ ಸುತ್ತಿದಳು. ಹಿಂದಿನಿಂದ ಟೈಲರಮ್ಮ ಕೆಣಕಿದಳು: "ಮಾವ, ಬೆಳಿಗ್ಗೆ ತಿಂಡಿ ಏನು ತಿಂದ್ರಿ?"

"ಗೋಮತಿ."

ಆ ದನಿಯಲ್ಲಿ ಕುಚೇಷ್ಟೆಯಿರಲಿಲ್ಲ. ಅವಳು ಗಕ್ಕನೆ ತಿರುಗಿದಳು. ಮಾವನ ಕಣ್ಣು ಅಗಲವಾಗಿ ತೆರೆದಿತ್ತು. ತನ್ನ ಬಾಯಿಂದ ಬಂದ ಮಾತು ತನಗೇ ಕೇಳಿಸಿ ಹೆದರಿದ ಮುಖ ಅದು. ತುಟಿಯ ಬಲತುದಿ ಜೋತಿತ್ತು. "ಮಾವ, ನನ್ನ ಕೈ ಹಿಡ್ಕೊಳಿ," ಎಂದು ಓಡಿ ಬಂದಳು. ಬಲಗೈ ಹಾಸಿಗೆ ಬಿಟ್ಟು ಮೇಲೇಳಲೇ ಇಲ್ಲ.

ಆಮೇಲಿನದನ್ನೆಲ್ಲ ಅವಳ ಕೈಗಳೇ ಮಾಡಿದವು. ರಕ್ತ ಹೆಪ್ಪುಗಟ್ಟದಂತೆ ಯಂತ್ರದ ಮೂಲಕ ಹೋಗುತ್ತಿದ್ದ ಔಷಧದ ಪಂಪನ್ನು ಮೊದಲು ನಿಲ್ಲಿಸಿದಳು. ಕರೆಗಂಟೆ ಒತ್ತಿದಳು. ಬೆರಳು ಚುಚ್ಚಿ ಸಕ್ಕರೆ ನೋಡಿದಳು, ಸರಿಯಾಗಿತ್ತು. ಬಿ.ಪಿ. ಮಾತ್ರ ಹತ್ತು ನಿಮಿಷದಲ್ಲಿ ಎಲ್ಲಿಂದೆಲ್ಲಿಗೋ ಏರಿತ್ತು. ವೈದ್ಯರು ಓಡಿ ಬಂದು ಒಂದೇ ನೋಟಕ್ಕೆ "ಸ್ಕ್ಯಾನಿಗೆ ತಗೊಂಡು ಹೋಗಿ" ಎಂದರು. ಯಂತ್ರದಲ್ಲಿದ್ದ ರಕ್ತವನ್ನು ಮಾವನ ಮೈಗೆ ವಾಪಸು ಹರಿಸಿ, ಸೂಜಿ ಕಿತ್ತು, ಗಾಯ ಒತ್ತಿ ಹಿಡಿದು ಅವಳೂ ಸ್ಟ್ರೆಚರಿನ ಜೊತೆ ಓಡಿದಳು.

ಹೊರಗೆ ಬೆಂಚಿನ ಮೇಲೆ ಮಾವನ ಹೆಂಡತಿ ಸ್ವೆಟರ್ ಹೆಣೆಯುತ್ತ ಕೂತಿದ್ದರು. ಸ್ಟ್ರೆಚರ್ ಕಂಡು ಎದ್ದರು.

"ಇನ್ನೂ ಒಂದು ಗಂಟೆ ಇದೆಯಲ್ಲಮ್ಮ? ಈಗ ತಾನೇ ಒಳಗೆ ಎಲ್ರೂ ನಗ್ತಿದ್ರಿ! ಚೆನ್ನಾಗಿದಾರೆ ಅಂದ್ಕೊಂಡೆ ನಾನು."

ಗಾಯ ಒತ್ತಿದ ಕೈ ತೆಗೆಯದೆ, ಅವರನ್ನೂ ಜೊತೆಗೆ ಬರುವಂತೆ ಕರೆದು ಅವಳು ಮುಂದೆ ಓಡಿದಳು.

ಮೆದುಳಿನ ಎಡಭಾಗದಲ್ಲಿ ಸಣ್ಣ ರಕ್ತನಾಳವೊಂದು ಒಡೆದಿತ್ತು. "ಪಂಪ್ ಬೇಗ ನಿಲ್ಲಿಸಿದ್ದು ಒಳ್ಳೇದಾಯ್ತು," ಎಂದರು ವೈದ್ಯರು. "ಇನ್ನರ್ಧ ಗಂಟೆ ಆ ಔಷಧ ಹೋಗಿದ್ರೆ ಕಷ್ಟ ಇತ್ತು."

"ಬೇಗ ನಿಲ್ಲಿಸಲಿಲ್ಲ ಸರ್. ನಾನೂ ನಿಂತು ನಗ್ತಿದ್ದೆ. ಸೊನ್ನೆ ಬರೀತಿದ್ದೆ."

"ಎಷ್ಟು ಹೊತ್ತು?"

"ಒಂದೂವರೆ ನಿಮಿಷ ಇರಬಹುದು."

"ಅಷ್ಟರಿಂದ ಏನೂ ವ್ಯತ್ಯಾಸ ಆಗಲ್ಲ. ಹೋಗಿ, ನೀರು ಕುಡೀರಿ."

ನೀರೇನೋ ಕುಡಿದಳು. ಆದರೆ ಮಧ್ಯಾಹ್ನದ ಪಾಳಿಯಲ್ಲಿ, ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ, ಅವಳ ಸೂಜಿ ಎರಡು ಸಲ ಗುರಿ ತಪ್ಪಿತು. ಮನೆಗೆ ಹೋದಾಗ ಗಂಡ ಬಾಗಿಲು ತೆಗೆದು "ಯಾಕೆ, ಮುಖ ಹೀಗಾಗಿದೆ?" ಎಂದ. ಚಪ್ಪಲಿ ಬಿಡುವುದನ್ನೂ ಮರೆತು, ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಅವನು ಲೇತ್ ಕೆಲಸದವನು, ಮಾತು ಕಡಿಮೆ. ಕೇಳಿ ಮುಗಿಸಿ, "ಪ್ರಶ್ನೆ ಕೇಳ್ದೆ ಇದ್ದಿದ್ರೆ ನಿದ್ದೆ ಮಾಡ್ತಿದಾರೆ ಅಂದ್ಕೋತಿದ್ದೆ ಕಣೇ ನೀನು," ಎಂದ. ಆ ಮಾತು ಅವಳ ಕಿವಿಗೆ ಬಿತ್ತು, ಒಳಗಿಳಿಯಲಿಲ್ಲ.

ಪ್ರಶ್ನೆ ನಿಂತಿತು. ಹಲಗೆಯ ಮೂಲೆಯನ್ನು ಒರೆಸಿಬಿಟ್ಟಳು. ವಾರ್ಡಿನಲ್ಲಿ ಈಗ ಯಂತ್ರಗಳ ಗುಂಯ್‌ಗುಡುವಿಕೆಯೊಂದೇ ಉಳಿಯಿತು. ಒಂದು ದಿನ ಸೂಜಿ ಚುಚ್ಚಿಸಿಕೊಳ್ಳುತ್ತ ಟೈಲರಮ್ಮ ತಲೆ ತಗ್ಗಿಸಿ ಹೇಳಿದಳು:

"ಮನುಷ್ಯನ ಜೀವ ಹೋಗ್ತಿರೋವಾಗ ನಾನು ಗೆದ್ದೆ ಅಂತ ಕಂಬಿ ಬಡಿದೆನಲ್ಲ. ಈಗ ಹೊಲಿಗೆ ಮಿಷಿನ್ ತುಳಿಯೋವಾಗ್ಲೂ ಅದೇ ಸದ್ದು ಕೇಳುತ್ತೆ ಕಣಮ್ಮ."

ಪ್ರಶ್ನೆಯಕ್ಕ ಆಕೆಯ ಹೊದಿಕೆ ಸರಿಮಾಡಿ, ಮಂಚದ ಅಂಚಿನಲ್ಲಿ ಕೂತಳು.

ಆರು ವಾರವಾದ ಮೇಲೆ ಪಾರ್ಸಲ್ ಮಾವ ಹಳೆಯ ಹಾಸಿಗೆಗೆ ಮರಳಿದರು. ಅಷ್ಟು ದಿನ ಒಳರೋಗಿಗಳ ವಿಭಾಗದಲ್ಲೇ, ಆ ಔಷಧವಿಲ್ಲದೆ, ಅವರ ಡಯಾಲಿಸಿಸ್ ನಡೆದಿತ್ತು. ಗಾಲಿಕುರ್ಚಿಯಲ್ಲಿ ಬಂದ ಮಾವ ಅರ್ಧಕ್ಕೆ ಇಳಿದುಹೋಗಿದ್ದರು. ಮಾತು ಒಂದೊಂದಾಗಿ, ಬಾವಿಯಿಂದ ನೀರು ಸೇದಿದಂತೆ ಬರುತ್ತಿತ್ತು. ಮೂರನೆಯ ಗಂಟೆಗೆ ಅವರು ಗದ್ದದಿಂದ ಹಲಗೆಯ ಕಡೆ ಸನ್ನೆ ಮಾಡಿದರು.

"ಪ್ರ... ಪ್ರಶ್ನೆ."

"ಬೇಡ ಮಾವ. ಸುಮ್ನೆ ಮಲ್ಕೊಳಿ."

"ಪ್ರಶ್ನೆ!"

"ಕೇಳಮ್ಮ," ಎಂದರು ಪಕ್ಕದಲ್ಲಿದ್ದ ಹೆಂಡತಿ. "ಮೊದ್ಲೆಲ್ಲ ಆಸ್ಪತ್ರೆಗೆ ಹೊರಡಿಸೋಕೆ ಸಾಕುಬೇಕಾಗ್ತಿತ್ತು. ನಿನ್ನ ಪ್ರಶ್ನೆ ಶುರುವಾದ್ಮೇಲೇನೇ ತಾವಾಗಿ ಎದ್ದು ಅಂಗಿ ಹಾಕ್ಕೊಳಕ್ಕೆ ಶುರುಮಾಡಿದ್ದು."

ಇದು ಅವಳಿಗೆ ಗೊತ್ತೇ ಇರಲಿಲ್ಲ. ಪೆನ್ನು ಕೈಗೆತ್ತಿಕೊಂಡಳು. ಇದ್ದುದರಲ್ಲೇ ಸುಲಭದ್ದನ್ನು ಹುಡುಕಿ ಕೇಳಿದಳು: "ದೆಹಲಿ ಯಾವ ನದಿ ದಂಡೆ ಮೇಲಿದೆ?"

ಮಾವ ಹಣೆ ಗಂಟಿಕ್ಕಿ, ತುಟಿ ಕೂಡಿಸಿ, ಬಿಡಿಸಿ, ಕೊನೆಗೆ ಹೇಳಿದರು: "ಪೆಟ್ಟಿಗೆ."

ವಾರ್ಡು ಗಪ್‌ಚಿಪ್ಪಾಯಿತು. ಟೈಲರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಪ್ರಶ್ನೆಯಕ್ಕ ಬಿಳಿಚಿಕೊಂಡು ಬಿ.ಪಿ. ಪಟ್ಟಿ ಸುತ್ತತೊಡಗಿದಳು. ಮಾವ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು. ಅವರ ಮುಖ ಕೆಂಪೇರಿತು.

"ನಗ್ರಪ್ಪಾ!" ಎಂದು ಗದರಿದರು. "ಯಾಕೆ... ನಗಲ್ಲ?"

ಮೊದಲು ನಕ್ಕವರು ಅವರ ಹೆಂಡತಿ. ಆಮೇಲೆ ಟೈಲರಮ್ಮ, ಕಣ್ಣೊರೆಸಿಕೊಳ್ಳುತ್ತಲೇ. ಪ್ರಶ್ನೆಯಕ್ಕನಿಗೆ ಮಾತ್ರ ಅಂದು ನಗು ಬರಲಿಲ್ಲ. ಬಿ.ಪಿ. ಸರಿಯಿತ್ತು. "ಬಲಗೈ ಎತ್ತಿ ಮಾವ," ಎಂದಳು. ಒಂದು ಗೇಣು ಎತ್ತಿದರು. ತುಟಿ ನೋಡಿದಳು, ಕಣ್ಣು ನೋಡಿದಳು. ಆಮೇಲೆ ಹಲಗೆಯ ಮೂಲೆಯಲ್ಲಿ ಮತ್ತೆ ಗೆರೆ ಎಳೆದು, ಕಿಟಕಿ ಸಾಲಿಗೆ ಮುಂದಿನ ಪ್ರಶ್ನೆ ಕೇಳಿದಳು.

ವರ್ಷ ಕಳೆಯುವ ಹೊತ್ತಿಗೆ ಮಾವ ಹತ್ತಕ್ಕೆ ನಾಲ್ಕು ಸರಿ ಹೇಳುವಷ್ಟಾದರು. ಗೋಡೆ ಸಾಲು ಈಗ ಸೋಲುತ್ತಲೇ ಇರುತ್ತದೆ. ಅಂಕ ಬರೆಯುವುದರಲ್ಲೇ ಏನೋ ಮೋಸವಿದೆ ಎಂಬುದು ಮಾವನ ವಾದ.