ಖಾಲಿ ಹಾಳೆಗೆ ಹಾಕಿದ ಸಹಿ

ಬಟ್ಟೆ ಹೊಲಿಯುವ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಸಹಿಯಕ್ಕ. ಪಕ್ಷದ ಕಾರ್ಮಿಕ ಸಂಘದ ಕಚೇರಿ ನೋಡಿಕೊಳ್ಳುತ್ತಿದ್ದವಳು. ಊಟದ ಬಿಡುವಿನಲ್ಲಿ ಹಾಳೆಗಳ ಕಟ್ಟು ಹಿಡಿದು ಬಂದಳೆಂದರೆ, "ಬಂದಳಪ್ಪ, ಇನ್ನು ನಾವು ಊಟ ಮಾಡಿದ ಹಾಗೇ!" ಎಂದು ರೇಗಿಸುತ್ತಲೇ ಹೆಂಗಸರು ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದರು. ಖಾಲಿ ಹಾಳೆಗೆ! ಫ್ಯಾನು ಬೇಕು, ಕಕ್ಕಸು ಬೇಕು, ಸೂಪರ್‌ವೈಸರ್ ಬಾಯಿ ಹಿಡಿತದಲ್ಲಿರಲಿ ಎಂದು ವಾರಕ್ಕೊಂದು ಮನವಿ; ಪ್ರತಿ ಸಲವೂ ಇನ್ನೂರು ಜನರ ಹಿಂದೆ ಅಲೆಯುವವರು ಯಾರು? ಮೊದಲೇ ಸಹಿ ಹಾಕಿಸಿ ಕಚೇರಿಯ ಬೀರುವಿನಲ್ಲಿಟ್ಟರೆ ಮೇಲಿನ ಒಕ್ಕಣೆಯನ್ನು ಆಮೇಲೆ ಟೈಪ್ ಮಾಡಿದರಾಯಿತು. ಉಪಾಯ ಅವಳದೇ. ಅದರ ಬಗ್ಗೆ ಒಂಚೂರು ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಚುನಾವಣೆಯಲ್ಲಿ ಪಕ್ಷ ಗೆದ್ದಿತು. "ಕಾರ್ಮಿಕರೇ ನಮ್ಮ ಉಸಿರು" ಎಂದು ಬೀದಿ ಬೀದಿಯಲ್ಲಿ ಗಂಟಲು ಹರಿದುಕೊಂಡಿದ್ದ ಸಂಘದ ಅಧ್ಯಕ್ಷರು ಆರೇ ತಿಂಗಳಲ್ಲಿ ಮಾಲೀಕರ ಕಾರಿನಿಂದ ಇಳಿದರು.

"ಈಗ ನಮ್ಮದೇ ಸರ್ಕಾರ ಕಣಮ್ಮ. ಜಗಳ ಸಾಕು, ಹೊಂದ್ಕೊಂಡು ಹೋಗೋಣ. ಬೀರು ಕೀಲಿ ಕೊಡು."

ಕೊಟ್ಟಳು. ಯಾಕೆ ಎಂದು ಕೇಳಲಿಲ್ಲ.

ಮುಂದಿನ ಸೋಮವಾರ ನಲವತ್ತು ಹೆಂಗಸರನ್ನು ಗೇಟಿನಲ್ಲೇ ತಡೆದರು. ಅವರೆಲ್ಲ ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಟ್ಟಿದ್ದರಂತೆ! ಗುಂಡಿಯ ಕಾಜಾ ಹೊಲಿಯುವ ಮೆಷಿನ್ನಿನಲ್ಲಿದ್ದ ಸಹಿಯಕ್ಕನ ಗೆಳತಿಯೂ ಅವರಲ್ಲೊಬ್ಬಳು. ಗೇಟಿನಲ್ಲಿ ತೋರಿಸಿದ ರಾಜೀನಾಮೆ ಪತ್ರವನ್ನು ಸಹಿಯಕ್ಕನ ಮುಂದೆ ಹಿಡಿದಳು.

"ಸಹಿ ನಂದೇ ಕಣೇ. ನೀನು ಹಾಕಿಸ್ಕೊಂಡ ಹಾಳೆ ಅಲ್ವಲ್ಲ ಇದು?"

ಹಾಳೆ ನೋಡಿದ ಕೂಡಲೇ ಸಹಿಯಕ್ಕನಿಗೆ ಎಲ್ಲವೂ ತಿಳಿದುಹೋಗಿತ್ತು. ಆದರೆ ಬಾಯಲ್ಲಿ ಬಂದದ್ದು ಬೇರೆ: "ಛೆ, ಅವೆಲ್ಲ ಬೀರುವಲ್ಲಿ ಭದ್ರವಾಗಿವೆ."

ಗೆಳತಿ ನಂಬಿದಳು. ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಅನುಮಾನಪಟ್ಟವರ ಮೇಲೆ ಅವಳೇ ತಿರುಗಿಬಿದ್ದಳು: "ಇವಳನ್ನ ಯಾರೂ ಏನೂ ಅನ್ಬೇಡಿ!" ಸಂಬಳದ ದಿನ ಗಡಿಬಿಡಿಯಲ್ಲಿ ಓದದೆ ಯಾವುದಕ್ಕೋ ಸಹಿ ಹಾಕಿರಬೇಕೆಂದು ತನ್ನನ್ನೇ ಶಪಿಸಿಕೊಳ್ಳುತ್ತ, ಮನೆಮನೆಯ ಹರಿದ ಬಟ್ಟೆ ಹೊಲಿಯುತ್ತ, ಎರಡು ವರ್ಷ ಬದುಕಿ ಸತ್ತಳು.

ಸತ್ತವಳು ಹೋಗಬೇಕಲ್ಲ? ಮಟಮಟ ಮಧ್ಯಾಹ್ನ, ಊಟದ ಗಂಟೆ ಹೊಡೆದ ಕೂಡಲೇ ಕಚೇರಿಯ ಬೆಂಚಿನ ತುದಿಗೆ ಬಂದು ಕೂರುತ್ತಿದ್ದಳು. ಮೈಮೇಲೆ ನೂಲಿನ ಚೂರು. ಬೈದಿದ್ದರೆ ವಾಸಿಯಿತ್ತು. "ಇವಳನ್ನ ಏನೂ ಅನ್ಬೇಡಿ" ಎಂದಷ್ಟೇ ಹೇಳಿ ಸಹಿಯಕ್ಕನತ್ತ ನಗುತ್ತಿದ್ದಳು. ಸಹಿಯಕ್ಕ ತೆರೆದ ಬುತ್ತಿಯನ್ನು ಹಾಗೇ ಮುಚ್ಚಿಡುತ್ತಿದ್ದಳು.

ಗೆಳತಿಯ ಮಗಳು ಕಾರ್ಮಿಕ ನ್ಯಾಯಾಲಯಕ್ಕೆ ಹೋದಳು. ಅಮ್ಮ ತಾನಾಗಿ ಕೆಲಸ ಬಿಟ್ಟವಳಲ್ಲ ಎಂದು ಬರವಣಿಗೆಯಲ್ಲಿ ಸಿಕ್ಕರೆ ಸಾಕು ಎಂಬುದೊಂದೇ ಅವಳ ಹಟ. "ಓದಿ, ನನ್ನೆದುರೇ ಸಹಿ ಹಾಕಿದ್ರು ಅನ್ನು, ಮುಗೀತು" ಎಂದು ಅಧ್ಯಕ್ಷರು ಸಹಿಯಕ್ಕನಿಗೆ ಹೇಳಿಕೊಟ್ಟು ಕಳಿಸಿದರು.

ಸಹಿಯಕ್ಕ ಕಟಕಟೆ ಹತ್ತಿದಳು.

"ಸಹಿ ಹಾಕಿದಾಗ ಹಾಳೇಲಿ ಏನು ಬರೆದಿತ್ತು?" ವಕೀಲರು ಕೇಳಿದರು.

"ಏನೂ ಇರಲಿಲ್ಲ ಸಾರ್. ಖಾಲಿ ಹಾಳೆ. ಹಾಕಿಸಿದ್ದು ನಾನು, ಕೀಲಿ ಕೊಟ್ಟಿದ್ದೂ ನಾನೇ."

ಅಧ್ಯಕ್ಷರು ಎದ್ದು ಹೊರಗೆ ನಡೆದರು. ಕೆಲಸ ಹೋಯಿತೆಂದು ಅವಳಿಗೆ ಗೊತ್ತಾಯಿತು. ಹೋಗಲಿ ಬಿಡು ಎನ್ನಿಸಿತು.

ಮೆಟ್ಟಿಲ ಬಳಿ ಹುಡುಗಿ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡು ಅತ್ತಳು.

"ದೊಡ್ಡಮ್ಮಾ, ಗೊತ್ತಿದ್ರೆ ನೀವು ಖಂಡಿತ ಹೇಳ್ತೀರ ಅಂತ ಅಮ್ಮ ಸಾಯೋವರೆಗೂ ಹೇಳ್ತಿದ್ಳು. ನಿಮಗೆ ಇದು ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ಅಲ್ಲ ಎನ್ನುವವರೂ ಈಗ ಯಾರೂ ಇರಲಿಲ್ಲ.

"ಅವತ್ತೇ," ಎಂದಳು. "ಗೇಟಿನ ಹತ್ರ, ನಿಮ್ಮಮ್ಮ ಕೇಳಿದಾಗಲೇ."

ಹುಡುಗಿ ಕೈ ಬಿಟ್ಟಳು.