ತಕ್ಕಡಿಯ ಆಚೆ ಹಲಗೆಯಲ್ಲಿ ಕೂತವರು

ನಾನು ಬಿ.ಎ. ಪಾಸಾದದ್ದು ೧೯೧೨ರಲ್ಲಿ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವನು ನಾನೇ ಮೊದಲು. ಗಾಣದೆತ್ತಿನ ಹಿಂದೆ ಸುತ್ತಿದ ಅಪ್ಪನ ಮಗ, ಮದರಾಸಿನಲ್ಲಿ ಒಪ್ಪೊತ್ತು ಉಂಡು ಓದಿ ಡಿಗ್ರಿ ತಂದೆ. ಅದರ ಜೊತೆಗೆ ಕೆಮ್ಮನ್ನೂ ತಂದೆ. "ಈ ಉಪ್ಪುಗಾಳಿ, ಈ ಸೆಖೆ ನಿಮಗೆ ಆಗೋದಿಲ್ಲ. ಬೆಂಗಳೂರು ಎತ್ತರದ ಊರು, ತಂಪು ಹವಾ. ಅಲ್ಲಿ ಹೋಗಿ ಮೈ ತುಂಬಿಕೊಳ್ಳಿ, ಕೆಲಸದ ಮಾತು ಆಮೇಲೆ," ಎಂದರು ಅಲ್ಲಿನ ಡಾಕ್ಟರು.

ಹೀಗೆ ಬೆಂಗಳೂರಿನ ಶಂಕರಪುರಕ್ಕೆ ಬಂದೆ. ಹವಾ ಬದಲಾವಣೆಗೆಂದು ಆಗ ಬಹಳ ಜನ ಬರುತ್ತಿದ್ದರು. ರೈಲಿಳಿದ ಕೂಡಲೆ ಜಟಕಾದವನು ಮುಖ ನೋಡಿಯೇ "ಹವಾಕ್ಕಾ ಸ್ವಾಮಿ?" ಎನ್ನುತ್ತಿದ್ದ. ಬಸವನಗುಡಿ, ಶಂಕರಪುರದ ಎಷ್ಟೋ ಮನೆಯವರು ಬೀದಿ ಕಡೆಗೆ ಒಂದು ಕೋಣೆ ಹೆಚ್ಚಿಗೆ ಕಟ್ಟಿಸಿ ಬೇಸಿಗೆಯಲ್ಲಿ ಮದರಾಸಿನವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಆಷಾಢ ಬಂತೆಂದರೆ ಸೆಖೆಗೆ ಹೆದರಿ ಬಂದವರೆಲ್ಲ ಹೊರಟುಹೋಗುವರು, ಬಾಡಿಗೆ ಇಳಿಯುವುದು. ಉಳಿಯುವವರು ನಿಜವಾದ ರೋಗಿಗಳು. ನಾನು ಬಂದು ಅಂಥ ಒಂದು ಕೋಣೆ ಹಿಡಿದದ್ದು ಆಗ.

ಗಾಳಿಗೇನೂ ಕೊರತೆಯಿರಲಿಲ್ಲ. ಮಾತಿಗೆ ಮಾತ್ರ ಬರ. ನಮ್ಮ ಜಾತಿಯವರದೇ ಮನೆ, ಆದರೂ ಊಟದ ಎಲೆಯನ್ನು ನನ್ನ ಕೋಣೆಯ ಬಾಗಿಲಲ್ಲಿಟ್ಟು ದೂರ ಸರಿಯುತ್ತಿದ್ದರು. ನಾನು ಹೊರಬಂದರೆ ಜಗಲಿಯಲ್ಲಿ ಆಡುವ ಮಕ್ಕಳನ್ನು ಒಳಕ್ಕೆ ಕರೆಯುತ್ತಿದ್ದರು. ಅವರದು ತಪ್ಪಲ್ಲ. ಬಸವನ ಗುಡಿಯ ಹತ್ತಿರದ ಬಂಡೆಯ ಮೇಲೆ ಕೂತು, ಡಾಕ್ಟರು ಹೇಳಿದಂತೆ ಎದೆ ತುಂಬ ಉಸಿರೆಳೆದುಕೊಂಡು ಬರುತ್ತಿದ್ದೆ. ಇಡೀ ದಿನ ನನ್ನ ಗಂಟಲಿಗೆ ಕೆಮ್ಮುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ.

ಹವಾಕ್ಕೆ ಬಂದವರು ವಾರಕ್ಕೊಮ್ಮೆ ತೂಕ ನೋಡಿಸಿಕೊಳ್ಳುವುದು ರೂಢಿ. ಅದಕ್ಕೆ ಚಾಮರಾಜಪೇಟೆಯ ಕಡೆಗಿದ್ದ ಒಂದು ಸೌದೆ ಮಂಡಿಗೆ ಹೋಗಬೇಕು. ಕಂಬಗಳಿಗೆ ನೇತುಹಾಕಿದ ದೊಡ್ಡ ತಕ್ಕಡಿ. ಒಂದು ಹಲಗೆಯ ಮೇಲೆ ನಾವು, ಇನ್ನೊಂದರ ಮೇಲೆ ತೂಕದ ಕಲ್ಲು. ಮಂಡಿಯ ಯಜಮಾನಿ ಮುನಿಯಮ್ಮನದು ಜೋರು ಬಾಯಿ. ಮೊದಲ ಸೋಮವಾರ ನನ್ನನ್ನು ಕೂರಿಸಿ, "ಅಯ್ಯೋ ಸ್ವಾಮಿ, ನನ್ ಸೌದೆಗಿಂತ ನೀವೇ ಚೆನ್ನಾಗ್ ಒಣಗಿದ್ದೀರಲ್ಲ!" ಎಂದಳು.

ನನ್ನ ಹಿಂದೆ ನಿಂತವರೊಬ್ಬರು ಗಟ್ಟಿಯಾಗಿ ನಕ್ಕರು. ಮದರಾಸಿನಲ್ಲಿ ಜವಳಿ ಅಂಗಡಿ ಇಟ್ಟಿದ್ದ ಕನ್ನಡದವರು, ನನಗಿಂತ ಬಹಳ ದೊಡ್ಡವರು. ಎಲ್ಲರೂ ಶೆಟ್ಟರು ಎನ್ನುತ್ತಿದ್ದರು. ಅವರ ನಗು ಕೆಮ್ಮಾಗಿ ಮುಗಿಯಿತು.

"ನಗ್ಬೇಡಿ, ನಿಮ್ದೂ ಅಷ್ಟೇ," ಎಂದಳು ಮುನಿಯಮ್ಮ. "ಕಲ್ಲು ಎತ್ತಿ ಎತ್ತಿ ನನ್ ಸೊಂಟ ಹೋಯ್ತು. ಇಬ್ರೂ ಆ ಕಡೆ ಈ ಕಡೆ ಕೂತ್ಕೊಳ್ಳಿ, ನೋಡೇಬಿಡಾಣ."

ಕೂತೆವು. ತಕ್ಕಡಿ ಸ್ವಲ್ಪ ತೂಗಾಡಿ ಸಮನಾಗಿ ನಿಂತಿತು. ಇಬ್ಬರ ಕಾಲೂ ನೆಲ ಬಿಟ್ಟಿದ್ದವು. ಬೆಂಗಳೂರಿಗೆ ಬಂದ ಮೇಲೆ ಒಬ್ಬ ಮನುಷ್ಯ ನನ್ನೆದುರಿಗೆ ಅಷ್ಟು ಹತ್ತಿರ ಕೂತದ್ದು ಅದೇ ಮೊದಲು.

ಅಂದಿನಿಂದ ಸೋಮವಾರವೆಂದರೆ ನನಗೆ ಹಬ್ಬ. ಪ್ರತಿ ವಾರ ಹಾಗೇ ಎದುರುಬದುರು ಕೂತು ತೂಕವಾದ ಮೇಲೆ ದಿಮ್ಮಿಗಳ ಮೇಲೆ ಕೂತು ಹರಟುತ್ತಿದ್ದೆವು. "ಬಿ.ಎ.ಯವರೇ, ಈ ಊರೋರು ಬುದ್ಧಿವಂತ್ರು ಕಣ್ರೀ," ಎನ್ನುವರು ಶೆಟ್ಟರು. "ಬಟ್ಟೆ ಮಾರೋಕೆ ನನ್ಗೆ ಬಂಡವಾಳ ಬೇಕು. ಇವ್ರು ಬಂಡವಾಳ ಇಲ್ದೆ ಗಾಳಿ ಮಾರ್ತಾರೆ!" ಒಂದು ದಿನ ಹೀಗೂ ಅಂದರು: "ನೋಡಿ, ನಾನು ವ್ಯಾಪಾರಸ್ಥ. ತಕ್ಕಡಿ ಸಮ ಇರೋವರ್ಗೂ ಇಲ್ಲೇ ಇರ್ತೀನಿ. ನನ್ ಕಡೆ ಮೇಲೆದ್ರೆ ಮಾಲು ವಾಪಸ್. ಊರಿಗೆ ಹೊರಟೆ."

ಅವರು ನಗುತ್ತಲೇ ಅಂದದ್ದು. ನನಗೆ ನಗು ಬರಲಿಲ್ಲ. ಏಕೆಂದರೆ ನನಗೆ ಹಸಿವು ಹುಟ್ಟತೊಡಗಿತ್ತು, ಅವರಿಗೆ ಹಸಿವು ಹೋಗಿತ್ತು. ಶ್ರಾವಣದ ಹೊತ್ತಿಗೆ ನನ್ನ ಕೆನ್ನೆ ತುಂಬುತ್ತಿತ್ತು, ಅವರ ಅಂಗಿ ಸಡಿಲವಾಗುತ್ತಿತ್ತು. ಅವರು ಹೊರಟುಬಿಟ್ಟರೆ ಆ ಊರಿನಲ್ಲಿ ನನಗೆ ಇನ್ನಾರು? ಮೈ ತುಂಬಿಕೊಳ್ಳಲೆಂದೇ ಬಂದಿದ್ದ ನಾನು ಭಾನುವಾರದ ಉಪವಾಸ ಶುರುಮಾಡಿದೆ. ಮನೆಯವರಿಗೆ ವ್ರತ ಎಂದೆ. ತಕ್ಕಡಿ ಸಮ ನಿಂತಿತು. ಅದೂ ಸಾಲದಾದಾಗ ಒಂದು ಸೋಮವಾರ, ಡಿಗ್ರಿ ತೆಗೆದುಕೊಳ್ಳುವಾಗ ಅಪ್ಪ ಹೊಲಿಸಿಕೊಟ್ಟಿದ್ದ ದಪ್ಪ ಕೋಟನ್ನು "ಅಬ್ಬಾ ಸೆಖೆ" ಎನ್ನುತ್ತ ಬಿಚ್ಚಿಟ್ಟು ಹಲಗೆ ಹತ್ತಿದೆ. ಹೊರಗೆ ಜಡಿಮಳೆ. ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು.

ಆದರೂ ಅವರ ಹಲಗೆ ಮೇಲೆದ್ದಿತು.

ಶೆಟ್ಟರು ನನ್ನನ್ನೇ ನೋಡಿದರು. "ಏನ್ ಬಿ.ಎ.ಯವರೇ, ಯಾವ ಸೆಖೆ ಇದು? ನಿನ್ನೆ ಊಟ ಮಾಡಿದ್ರೋ ಇಲ್ವೋ?"

ಮುನಿಯಮ್ಮ ಬಾಯಿ ಹಾಕಿದಳು: "ಭಾನುವಾರ ಉಪವಾಸ ಅಂತೆ ಸ್ವಾಮಿ. ಸೌದೆ ಹಾಕೋಕ್ ಹೋದಾಗ ಅವ್ರ ಮನೆ ಅಮ್ಮಾವ್ರೇ ಅಂದ್ರು, ಎಂಥಾ ಭಕ್ತಿ ಅಂತ."

ಶೆಟ್ಟರು ತಟ್ಟನೆ ಇಳಿದರು. ನನ್ನ ಹಲಗೆ ದಡಕ್ಕನೆ ನೆಲಕ್ಕೆ ಬಡಿಯಿತು. ಕೋಟು ತಂದು ನನ್ನ ಹೆಗಲಿಗೆ ಹಾಕಿ, "ಮುಠ್ಠಾಳ," ಎಂದರು. ಅದುವರೆಗೆ ನನ್ನನ್ನು ಏಕವಚನದಲ್ಲಿ ಕರೆದವರಲ್ಲ. "ನಾನು ಇಳಿದಿರೋದು ನನ್ ಪಂಚೆಗೇ ಗೊತ್ತು, ತಕ್ಕಡಿ ಹೇಳ್ಬೇಕಾ? ಅನ್ನ ಬಿಟ್ಟು ನನ್ ಜೊತೆ ಸಾಯ್ತೀಯಾ? ಇಬ್ರಲ್ಲಿ ಒಬ್ಬನಾದ್ರೂ ದಪ್ಪ ಆಗೋ. ಈ ಊರಿನ ಗಾಳಿ ಮರ್ಯಾದೆ ಉಳೀಲಿ."

ಎರಡು ದಿನಕ್ಕೆ ಅವರ ಸಾಮಾನು ಜಟಕಾ ಏರಿತು. "ಮಳೆ ನಿಲ್ಲೋವರೆಗಾದ್ರೂ ಇರಿ ಶೆಟ್ರೇ," ಎಂದು ಬೇಡಿಕೊಂಡೆ.

"ಇರೋ ಆಸೆ ನನ್ಗೂ ಇದೆ ಕಣಯ್ಯ. ಆದ್ರೆ ನಾನಿದ್ರೆ ನೀನು ಉಣ್ಣಲ್ಲ," ಎಂದರು. "ಗಾಳೀಲಿ ನಿಲ್ಬೇಡ. ಒಳಗ್ ಹೋಗು."

ಜಟಕಾ ಮರೆಯಾದ ಮೇಲೆ ಹೊಳೆಯಿತು, ನಾನು ಅವರ ವಿಳಾಸ ಕೇಳಿರಲಿಲ್ಲ. ಪೂರ್ತಿ ಹೆಸರೂ ನನಗೆ ಗೊತ್ತಿರಲಿಲ್ಲ.

ಅಂದು ಎಲೆಯ ಮುಂದೆ ಕೂತು ಅಳುತ್ತಲೇ ಉಂಡೆ. ಬಡಿಸಿದ್ದನ್ನೆಲ್ಲ ಉಂಡೆ. ಕಾರ್ತಿಕದಲ್ಲಿ ಮುನಿಯಮ್ಮ ಎದುರಿನ ಹಲಗೆಗೆ ಕಲ್ಲಿನ ಮೇಲೆ ಕಲ್ಲಿಟ್ಟು, "ಗೆದ್ಬಿಟ್ರಿ ಸ್ವಾಮಿ! ಇನ್ ನಿಮ್ಗೆ ಹೆಣ್ ಕೊಡ್ತಾರೆ!" ಎಂದು ಕೂಗಿದಳು. ಆ ಸಂತೋಷ ಹಂಚಿಕೊಳ್ಳಲು ನನಗೆ ಯಾರೂ ಇರಲಿಲ್ಲ.

ಮೈ ನೆಟ್ಟಗಾಯಿತು, ಇಲ್ಲೇ ಮೇಷ್ಟ್ರ ಕೆಲಸ ಸಿಕ್ಕಿತು. ಮುಂದೆ ಮದರಾಸಿಗೆ ಹೋದಾಗ ಜವಳಿ ಬೀದಿಯಲ್ಲಿ ಅಂಗಡಿ ಅಂಗಡಿ ವಿಚಾರಿಸಿದೆ. "ಶೆಟ್ಟರು ಅಂದ್ರೆ ಯಾವ ಶೆಟ್ಟರು?" ಎಂದು ಎಲ್ಲರೂ ನಕ್ಕರು. ಮೊದಲ ಸಂಬಳ ಬಂದಾಗ, ಮಗ ಹುಟ್ಟಿದಾಗ, ಅಪ್ಪ ತನ್ನ ಹೆಸರು ತಾನೇ ಬರೆಯಲು ಕಲಿತಾಗ, ಮೊದಲು ಶೆಟ್ಟರಿಗೆ ಹೇಳಬೇಕು ಅನ್ನಿಸಿತು. ಈಗಲೂ ಒಳ್ಳೆಯ ಸುದ್ದಿ ಬಂದರೆ ಹಾಗೇ ಅನ್ನಿಸುತ್ತದೆ. ಎಲ್ಲಿಗೆ ಹೇಳಿ ಕಳಿಸುವುದು?